ಆಕಾಶಯಾನದ ಕೈಚೀಲ

ಪ್ರಯಾಣಕ್ಕೆ ಸಿದ್ಧತೆ ಮಾಡುವುದೆಂದರೆ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಒಂದು ಸಣ್ಣ ಸಮಾರಂಭವೇ ಸರಿ. ಎತ್ತಿನ ಗಾಡಿಯ ಕಾಲದಲ್ಲಿ ಬುತ್ತಿಯ ಗಂಟು, ನೀರಿನ ತಂಬಿಗೆ, ಹಾಸಿಗೆಯ ಸುರುಳಿ ಇಷ್ಟಾದರೆ ಸಾಕಾಗುತ್ತಿತ್ತು. ರೈಲಿನ ಕಾಲದಲ್ಲಿ ಇವುಗಳ ಜೊತೆಗೆ ಟ್ರಂಕು, ಹೋಲ್ಡಾಲು, ಕೂಜಗಳು ಬಂದು ಸೇರಿದುವು. ಆ ಪ್ರಯಾಣಗಳಲ್ಲಿ ಗೃಹಿಣಿಯು ಏನನ್ನು ಕಟ್ಟಿದಳು, ಎಷ್ಟು ಕಟ್ಟಿದಳು ಎಂದು ಕೇಳುವವರು ಯಾರೂ ಇರಲಿಲ್ಲ. ಹೊರುವ ಕೂಲಿಯವನೊಬ್ಬನು ಗೊಣಗಿದರೆ ಅದೇ ದೊಡ್ಡ ಆಕ್ಷೇಪ. ಈಗ ವಿಮಾನವು ಶ್ರೀಮಂತರ ವಾಹನವಾಗಿ ಮಾತ್ರ ಉಳಿದಿಲ್ಲ. ದೇವನಹಳ್ಳಿಯ ಬಳಿ ೨೦೦೮ನೆಯ ಇಸವಿ ಮೇ ತಿಂಗಳಲ್ಲಿ ಹೊಸ ವಿಮಾನ ನಿಲ್ದಾಣವು ಪ್ರಾರಂಭವಾದಂದಿನಿಂದ ಈಚೆಗೆ, ನಮ್ಮ ಊರುಗಳ ಸಾಮಾನ್ಯ ಗೃಹಸ್ಥರೂ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ, ಯಾತ್ರೆಗೆಂದು ಕಾಶಿಗೋ, ಮದುವೆಗೆಂದು ದೆಹಲಿಗೋ ಆಕಾಶಮಾರ್ಗವಾಗಿ ಹೋಗಿಬರುವುದು ನಿತ್ಯದ ಸಂಗತಿಯಾಗಿದೆ.

ಹೀಗಿರಲು, ಈ ಪತ್ರಿಕೆಯ ವಾಚಕಿಯರಲ್ಲೊಬ್ಬರು ನಮಗೆ ಪತ್ರ ಬರೆದು, ತಾವು ಪ್ರಥಮಬಾರಿ ಮಗಳ ಮನೆಗೆ ಪರದೇಶಕ್ಕೆ ಹೊರಟಿರುವುದಾಗಿಯೂ, ವಿಮಾನವು ಹಾರುವುದರ ಭಯ ತಮಗೆ ಲೇಶವೂ ಇಲ್ಲವೆಂದೂ, ಆದರೆ ಹತ್ತುವುದಕ್ಕೆ ಮುಂಚೆ ನಡೆಯುವ ಚೀಲದ ತಪಾಸಣೆಯನ್ನು ನೆನೆದರೆ ನಿದ್ರೆ ಬಾರದೆಂದೂ ತಿಳಿಸಿ, ಕೈಚೀಲವನ್ನು ಹೇಗೆ ಕಟ್ಟಬೇಕೆಂದು ಕೇಳಿದ್ದಾರೆ. ಪ್ರಶ್ನೆ ಚಿಕ್ಕದಾಗಿ ಕಂಡರೂ ಅನೇಕ ಮನೆಗಳ ಪ್ರಶ್ನೆ. ಆದಕಾರಣ ಈ ತಿಂಗಳ ಪುಟಗಳನ್ನು ಅದಕ್ಕೇ ಮೀಸಲಿಡುತ್ತೇವೆ.

ಮೊದಲು, ಈ ತಪಾಸಣೆ ಏತಕ್ಕೆಂಬುದನ್ನು ತಿಳಿಯಬೇಕು. ಹೇತುವನ್ನು ಅರಿಯದೆ ಪಾಲಿಸುವ ನಿಯಮವು ಕಿರುಕುಳವೆನಿಸುತ್ತದೆ; ಹೇತುವನ್ನು ಅರಿತರೆ ಅದೇ ನಿಯಮ ನೆನಪಿನಲ್ಲಿ ತಾನಾಗಿ ನಿಲ್ಲುತ್ತದೆ. ವಿಮಾನ ನಿಲ್ದಾಣದ ನಿಯಮಗಳು ಯಾರೋ ಮೇಜಿನ ಮುಂದೆ ಕುಳಿತು ಕಲ್ಪಿಸಿದವುಗಳಲ್ಲ. ಅವುಗಳಲ್ಲಿ ಅನೇಕವುಗಳ ಹಿಂದೆ ಒಂದೊಂದು ಕಹಿಯಾದ ಘಟನೆ ಇದೆ.

೧೯೭೧ನೆಯ ಇಸವಿ ಜನವರಿ ೩೦ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ‘ಗಂಗಾ’ ಎಂಬ ವಿಮಾನವನ್ನು ಇಬ್ಬರು ಯುವಕರು ಬೆದರಿಸಿ ಲಾಹೋರಿಗೆ ಒಯ್ದರು. ಪ್ರಯಾಣಿಕರು ಬಿಡುಗಡೆ ಹೊಂದಿದರಾದರೂ ವಿಮಾನವನ್ನು ಅಲ್ಲಿಯೇ ಸುಟ್ಟುಹಾಕಲಾಯಿತು. ಆ ಯುವಕರ ಕೈಯಲ್ಲಿದ್ದ ಪಿಸ್ತೂಲು ನಿಜವಾದುದಲ್ಲ, ಕೈಬಾಂಬು ಮರದ್ದು ಎಂಬುದು ತರುವಾಯ ತಿಳಿದುಬಂದಿತು. ಮೊಮ್ಮಗನ ಆಟದ ಬಂದೂಕನ್ನು ಕೈಚೀಲದಲ್ಲಿ ಒಯ್ಯಗೊಡದ ಅಧಿಕಾರಿಯನ್ನು ಕಂಡು ನಗುವವರು ಈ ಕಥೆಯನ್ನು ಜ್ಞಾಪಿಸಿಕೊಳ್ಳಬೇಕು. ೧೯೯೯ನೆಯ ಡಿಸೆಂಬರ್ ೨೪ರಂದು ಕಾಠ್ಮಂಡುವಿನಿಂದ ದೆಹಲಿಗೆ ಬರುತ್ತಿದ್ದ ವಿಮಾನವು ಅಪಹೃತವಾಗಿ ಕಂದಹಾರವನ್ನು ಸೇರಿದ ವೃತ್ತಾಂತವನ್ನು ನಮ್ಮ ವಾಚಕರಲ್ಲಿ ಬಹುಮಂದಿ ಮರೆತಿರಲಾರರು. ಆ ಬಳಿಕ, ೨೦೦೦ನೆಯ ಇಸವಿಯಿಂದ, ನಮ್ಮ ವಿಮಾನ ನಿಲ್ದಾಣಗಳ ರಕ್ಷಣೆಯನ್ನು ಒಂದೊಂದಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ವಹಿಸುತ್ತ ಬರಲಾಯಿತು. ಇನ್ನು ದ್ರವಪದಾರ್ಥಗಳ ಮೇಲಿನ ಕಟ್ಟುಪಾಡು. ೨೦೦೬ನೆಯ ಆಗಸ್ಟ್ ತಿಂಗಳಲ್ಲಿ, ತಂಪು ಪಾನೀಯದ ಸೀಸೆಗಳಲ್ಲಿ ಸ್ಫೋಟಕ ದ್ರವವನ್ನು ತುಂಬಿ ಅಟ್ಲಾಂಟಿಕ್ ಸಾಗರದ ಮೇಲೆ ಹಾರುವ ವಿಮಾನಗಳನ್ನು ನಾಶಮಾಡುವ ಸಂಚೊಂದನ್ನು ಲಂಡನ್ನಿನ ಪೊಲೀಸರು ಭೇದಿಸಿದರು. ನಮ್ಮ ತುಪ್ಪದ ಡಬ್ಬಿಯನ್ನು ಇಂದು ಅನುಮಾನದಿಂದ ನೋಡುವಂತಾದುದಕ್ಕೆ ಮೂಲ ಅಲ್ಲಿದೆ.

ಇನ್ನು ಯಂತ್ರದ ವಿಚಾರ. ೧೮೯೫ರಲ್ಲಿ ಜರ್ಮನಿಯ ರಾಂಟ್ಜೆನ್ ಎಂಬ ಪಂಡಿತರು ಕಂಡುಹಿಡಿದ ಎಕ್ಸ್‌ರೇ ಕಿರಣಗಳೇ ನಮ್ಮ ಚೀಲವನ್ನು ಹೊಕ್ಕು ನೋಡತಕ್ಕವು. ಮುರಿದ ಎಲುಬಿನ ಚಿತ್ರವನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಕಪ್ಪು ಬಿಳುಪಿನದು. ನಿಲ್ದಾಣದ ಯಂತ್ರವಾದರೋ ಎರಡು ಬಗೆಯ ಶಕ್ತಿಯ ಕಿರಣಗಳನ್ನು ಹಾಯಿಸಿ, ಅವು ಎಷ್ಟೆಷ್ಟು ತಡೆಯಲ್ಪಟ್ಟವೆಂಬುದನ್ನು ಹೋಲಿಸಿ, ವಸ್ತುವಿನ ಜಾತಿಯನ್ನು ಊಹಿಸಿ ಬಣ್ಣ ಹಚ್ಚಿ ತೋರಿಸುತ್ತದೆ. ಬಟ್ಟೆ, ಕಾಗದ, ಆಹಾರ ಮೊದಲಾದುವು ಕಿತ್ತಳೆಯ ಬಣ್ಣದಲ್ಲಿ ಕಾಣುತ್ತವೆ. ಲೋಹಗಳು ನೀಲಿಯಾಗಿ ಕಾಣುತ್ತವೆ. ಇವೆರಡರ ನಡುವಣವುಗಳು ಹಸಿರಾಗಿ ಕಾಣುತ್ತವೆ. ಕಿರಣವು ಹಾಯಲಾರದಷ್ಟು ದಟ್ಟವಾದುದು ಬರಿಯ ಕಪ್ಪು ಮುದ್ದೆಯಾಗಿ ತೋರುತ್ತದೆ. ಸ್ಫೋಟಕಗಳಲ್ಲಿ ಹೆಚ್ಚಿನವು ಈ ಕಿತ್ತಳೆಯ ಬಣ್ಣದ ಗುಂಪಿಗೇ ಸೇರಿದವು. ಆದ್ದರಿಂದಲೇ ಗಟ್ಟಿಯಾಗಿ ಅದುಮಿ ತುಂಬಿದ ಮೈಸೂರು ಪಾಕಿನ ಪೊಟ್ಟಣವಾಗಲಿ, ಒಂದರ ಮೇಲೊಂದು ಒತ್ತಿ ಇಟ್ಟ ಪುಸ್ತಕಗಳಾಗಲಿ ನೋಡುವವನನ್ನು ಒಂದು ಕ್ಷಣ ತಡೆದು ನಿಲ್ಲಿಸುವುದುಂಟು.

ಯಂತ್ರದ ಮುಂದೆ ಕುಳಿತವನಿಗೆ ಒಂದು ಚೀಲವನ್ನು ಓದಲು ಸಿಗತಕ್ಕ ಕಾಲ ಕೆಲವೇ ಕ್ಷಣಗಳು. ‘ಓದಲು’ ಎಂಬ ಮಾತನ್ನು ನಾವು ಬೇಕೆಂದೇ ಉಪಯೋಗಿಸಿದ್ದೇವೆ. ಸಂಸ್ಕೃತ ಶ್ಲೋಕವನ್ನು ಓದುವ ವಿದ್ಯಾರ್ಥಿಯು ಮೊದಲು ಸಂಧಿ ಬಿಡಿಸಿ ಪದಚ್ಛೇದ ಮಾಡುತ್ತಾನೆ. ಬಳಿಕ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಹತ್ತಿರ ಹತ್ತಿರ ತಂದು ಅನ್ವಯ ಮಾಡುತ್ತಾನೆ. ಕರ್ತೃವು ಮೊದಲ ಪಾದದಲ್ಲಿಯೂ ಕ್ರಿಯೆಯು ಕೊನೆಯ ಪಾದದಲ್ಲಿಯೂ ಬಿದ್ದಿದ್ದರೆ ಅದಕ್ಕೆ ದೂರಾನ್ವಯವೆಂಬ ಹೆಸರು; ಅಂಥ ಶ್ಲೋಕದ ಮುಂದೆ ಜಾಣ ಹುಡುಗನೂ ತಲೆ ಕೆರೆದುಕೊಳ್ಳುತ್ತಾನೆ. ನಮ್ಮ ಕೈಚೀಲಗಳಲ್ಲಿ ಬಹುಪಾಲು ಇಂಥ ದೂರಾನ್ವಯದ ಶ್ಲೋಕಗಳೇ. ಫೋನಿನ ಚಾರ್ಜರು ತಳದಲ್ಲಿ, ಅದರ ತಂತಿ ಸೀರೆಯ ಮಡಿಕೆಯಲ್ಲಿ, ಬ್ಯಾಟರಿ ಚಕ್ಕುಲಿಯ ಡಬ್ಬಿಯ ಮೇಲೆ, ಸ್ಟೀಲಿನ ಲೋಟ ಅದರ ಪಕ್ಕದಲ್ಲಿ! ಚಿತ್ರದಲ್ಲಿ ಇವೆಲ್ಲ ಒಂದರ ಮೇಲೊಂದು ಕವಿದು ಸಂಧಿಯಾಗಿ ಬಿಡುತ್ತವೆ. ತಂತಿ, ಬ್ಯಾಟರಿ, ದಟ್ಟವಾದ ಕಿತ್ತಳೆಯ ಮುದ್ದೆ ಈ ಮೂರೂ ಒಂದೇ ಎಡೆಯಲ್ಲಿ ಕಂಡರೆ ಅಧಿಕಾರಿಯು ಏನೆಂದು ಭಾವಿಸಬೇಕು? ಚೀಲವನ್ನು ಬಿಚ್ಚಿಸದೆ ಅವನಿಗೆ ಬೇರೆ ದಾರಿಯಿಲ್ಲ.

ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದುದು ಇಷ್ಟೆ: ಚೀಲವನ್ನು ಬಿಚ್ಚಿಸುವುದು ಒಡೆಯನ ಮೇಲಣ ಸಂಶಯದಿಂದಲ್ಲ, ಚಿತ್ರವು ಅರ್ಥವಾಗದುದರಿಂದ. ಆದುದರಿಂದ ಸುಲಭವಾಗಿ ಅನ್ವಯವಾಗುವಂತೆ ಚೀಲವನ್ನು ಕಟ್ಟಿದವನಿಗೆ ತಪಾಸಣೆಯ ಭಯವಿಲ್ಲ.

ಕಟ್ಟುವುದಕ್ಕೆ ಮೊದಲು ವಿಂಗಡಿಸಬೇಕು. ಮನೆಯ ಹಾಸಿಗೆಯ ಮೇಲೆ ಸಾಮಾನನ್ನೆಲ್ಲ ಹರಡಿ ನಾಲ್ಕು ರಾಶಿ ಮಾಡಿರಿ. ಕೈಯಲ್ಲಿಯೇ ಇರಬೇಕಾದುವು ಮೊದಲನೆಯ ರಾಶಿ. ವಿಮಾನದ ಉದರಕ್ಕೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿಯೇ ಇರಬೇಕಾದುವು ಎರಡನೆಯದು. ಎರಡರಲ್ಲಿಯೂ ಇರಕೂಡದವು ಮೂರನೆಯದು. ಎಲ್ಲಿದ್ದರೂ ನಡೆಯುವುವು ನಾಲ್ಕನೆಯದು. ಈ ನಾಲ್ಕನೆಯ ರಾಶಿಯನ್ನು ಸಾಧ್ಯವಾದಷ್ಟು ಪೆಟ್ಟಿಗೆಗೇ ತಳ್ಳಿಬಿಡುವುದು ವಿವೇಕ. ಕೈಚೀಲಕ್ಕೆ ಸಾಮಾನ್ಯ ದರ್ಜೆಯಲ್ಲಿ ಬಹುಮಟ್ಟಿಗೆ ೭ ಕಿಲೋಗ್ರಾಮಿನ ಮಿತಿಯುಂಟು. ಚೀಲವೂ ಒಂದೇ ಇರಬೇಕು. ನಿಮ್ಮ ಟಿಕೇಟಿನಲ್ಲಿ ಎಷ್ಟೆಂದು ಬರೆದಿದೆಯೋ ಅದನ್ನು ನೋಡಿಕೊಂಡು ಮನೆಯಲ್ಲಿಯೇ ತೂಗಿಬಿಡಿರಿ.

ಮೊದಲನೆಯ ರಾಶಿಯಲ್ಲಿ ಔಷಧಿಗಳಿಗೆ ಅಗ್ರಸ್ಥಾನ. ದೊಡ್ಡ ಪೆಟ್ಟಿಗೆಯು ತಡವಾಗಿ ಬರಬಹುದು, ಬೇರೆ ಊರಿಗೂ ಹೋಗಿಬಿಡಬಹುದು; ರಕ್ತದ ಒತ್ತಡದ ಮಾತ್ರೆಯಾಗಲಿ ಇನ್ಸುಲಿನ್ ಆಗಲಿ ಅದರ ದಾರಿ ಕಾಯುವಂತಿಲ್ಲ. ಮಾತ್ರೆಗಳನ್ನು ಅವುಗಳ ಮೂಲ ಪಟ್ಟಿಯಲ್ಲಿಯೇ ಇಟ್ಟು, ವೈದ್ಯರ ಚೀಟಿಯನ್ನು ಅದರೊಡನೆ ಸೇರಿಸಿರಿ. ಚೀಟಿಯಲ್ಲಿನ ಹೆಸರೂ ಟಿಕೇಟಿನ ಹೆಸರೂ ಒಂದೇ ಆಗಿರಲಿ. ಹಣ, ಆಭರಣ, ಪಾಸ್‌ಪೋರ್ಟು, ಮನೆಯ ಬೀಗದ ಕೈ, ಕನ್ನಡಕ ಇವೂ ಕೈಯಲ್ಲಿಯೇ ಇರತಕ್ಕವು.

ಪವರ್ ಬ್ಯಾಂಕೆಂದು ಮಕ್ಕಳು ಕರೆಯುವ ವಿದ್ಯುತ್ ಸಂಚಯವೂ ಈ ರಾಶಿಗೇ ಸೇರಬೇಕು. ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಡಲೇಕೂಡದು. ಇದರ ಹೇತು ಸ್ಪಷ್ಟವಾಗಿದೆ. ಅದರೊಳಗಣ ಲಿಥಿಯಂ ಬ್ಯಾಟರಿಯು ಕೆಟ್ಟರೆ ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು. ಜನರ ನಡುವೆ ಹೊತ್ತಿದರೆ ಒಡನೆ ನಂದಿಸಬಹುದು. ಯಾರೂ ಇಲ್ಲದ ಉದರಭಾಗದಲ್ಲಿ ಹೊತ್ತಿದರೆ ನೋಡುವವರಾರು? ೨೦೨೫ನೆಯ ಜನವರಿ ೨೮ರಂದು ದಕ್ಷಿಣ ಕೊರಿಯದ ಬುಸಾನ್ ನಗರದಲ್ಲಿ ಹೊರಡಲು ಸಿದ್ಧವಾಗಿ ನಿಂತಿದ್ದ ವಿಮಾನವೊಂದು ಬೆಂಕಿಗೆ ತುತ್ತಾಯಿತು. ಪ್ರಯಾಣಿಕರೆಲ್ಲರೂ ಬದುಕಿದರು. ತಲೆಯ ಮೇಲಣ ಗೂಡಿನಲ್ಲಿಟ್ಟಿದ್ದ ಇಂಥದೊಂದು ಬ್ಯಾಟರಿಯೇ ಬಹುಶಃ ಕಾರಣವೆಂದು ತನಿಖೆಗಾರರು ಹೇಳಿದರು. ಆದುದರಿಂದ ಅದನ್ನು ಕೈಗೆಟಕುವ ಹಾಗೆ ಇಟ್ಟುಕೊಳ್ಳುವುದೇ ಲೇಸು. ಅದರ ಶಕ್ತಿಗೂ ಮಿತಿಯುಂಟು: ೧೦೦ ವಾಟ್-ಅವರ್ ವರೆಗೆ ಆಕ್ಷೇಪವಿಲ್ಲ, ೧೬೦ರ ವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದಕ್ಕೂ ಮೇಲ್ಪಟ್ಟುದು ನಿಷಿದ್ಧ. ಅಂಗಡಿಯಲ್ಲಿ ೨೦,೦೦೦ ಎಂದು ಬರೆದು ಮಾರುವ ಸಾಮಾನ್ಯ ಬ್ಯಾಟರಿಯು ಲೆಕ್ಕಕ್ಕೆ ಸುಮಾರು ೭೪ ವಾಟ್-ಅವರ್ ಆಗುವುದರಿಂದ ಮಿತಿಯ ಒಳಗೇ ಇದೆ. ಅಳತೆಯ ಅಕ್ಷರಗಳು ಅಳಿಸಿಹೋದ ಹಳೆಯ ಬ್ಯಾಟರಿಯನ್ನು ಒಯ್ಯಬೇಡಿರಿ. ಅದರ ಪರವಾಗಿ ನೀವು ಹೇಳುವ ಮಾತು ಅಲ್ಲಿ ಪ್ರಮಾಣವಾಗಲಾರದು.

ಎರಡನೆಯ ರಾಶಿಗೆ ಹರಿತವಾದುದೆಲ್ಲ ಸೇರಿತು: ಚಾಕು, ಕತ್ತರಿ, ಕ್ಷೌರದ ಬ್ಲೇಡು, ತಾಂಬೂಲಪ್ರಿಯರ ಅಡಕತ್ತರಿ. ಮಗಳ ಅಡಿಗೆಮನೆಗೆಂದು ಕೊಂಡ ಈಳಿಗೆಮಣೆ, ತುರಿಯುವ ಮಣೆಗಳೂ ಅಷ್ಟೆ. ಅವುಗಳ ಬಾಯಿಗೆ ದಪ್ಪ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡಿರಿ. ಮೆಣಸಿನ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಸಾರಿಗೆ ರುಚಿ ಕೊಡುವ ಪುಡಿಯೇ ಕಣ್ಣಿಗೆ ಎರಚಿದರೆ ಆಯುಧವಾಗುತ್ತದೆಂಬುದು ಅಡಿಗೆಮನೆಯಲ್ಲಿ ದುಡಿದವರಿಗೆ ವಿವರಿಸಬೇಕಾದ ವಿಷಯವಲ್ಲ.

ಮೂರನೆಯ ರಾಶಿಯಲ್ಲಿಯೇ ನಮ್ಮವರು ಹೆಚ್ಚಾಗಿ ಎಡವುವುದು. ಏಕೆಂದರೆ ಅದರಲ್ಲಿ ಅರ್ಧಕ್ಕರ್ಧ ದೇವರ ಮನೆಯ ಸಾಮಾನು. ಬೆಂಕಿಪೊಟ್ಟಣ ಮತ್ತು ಲೈಟರುಗಳನ್ನು ನಮ್ಮ ದೇಶದ ನಿಲ್ದಾಣಗಳಲ್ಲಿ ಚೀಲದಲ್ಲಿಯೂ ಬಿಡುವುದಿಲ್ಲ, ಪೆಟ್ಟಿಗೆಯಲ್ಲಿಯೂ ಬಿಡುವುದಿಲ್ಲ. ಕರ್ಪೂರವು ಸುಲಭವಾಗಿ ಹೊತ್ತುವ ಘನಪದಾರ್ಥವೆಂದು ಗಣಿತವಾಗಿದೆ. ಮಂಗಳಾರತಿಯಲ್ಲಿ ಅದರ ಯಾವ ಗುಣವನ್ನು ಮೆಚ್ಚುತ್ತೇವೆಯೋ ಅದೇ ಗುಣವೇ ಇಲ್ಲಿ ದೋಷ. ಒಣ ಕೊಬ್ಬರಿಯೂ ಹಾಗೆಯೇ. ಅದರಲ್ಲಿರುವ ಎಣ್ಣೆಯ ದೆಸೆಯಿಂದ ಅದು ತಾನಾಗಿ ಕಾದು ಬೆಂಕಿಗೆ ಆಸ್ಪದ ಕೊಡಬಹುದೆಂದು ಅಂತರರಾಷ್ಟ್ರೀಯ ನಿಯಮಗಳಲ್ಲಿ ಅಪಾಯಕರ ಸರಕಿನ ಸಾಲಿಗೆ ಸೇರಿಸಿದ್ದಾರೆ. ತೆಂಗಿನಕಾಯಿಯನ್ನು ಕೂಡ ಕೈಚೀಲದಲ್ಲಿ ಬಿಡದಿದ್ದ ಕಾರಣ, ಇರುಮುಡಿ ಹೊತ್ತ ಶಬರಿಮಲೆಯ ಯಾತ್ರಿಕರಿಗೆ ತೊಂದರೆಯಾಗುತ್ತಿದ್ದಿತು. ೨೦೨೪ನೆಯ ಅಕ್ಟೋಬರ್ ತಿಂಗಳಲ್ಲಿ ಸರ್ಕಾರದವರು, ೨೦೨೫ನೆಯ ಜನವರಿ ೨೦ರ ವರೆಗಿನ ಯಾತ್ರಾಕಾಲಕ್ಕೆ, ತಪಾಸಣೆಗೆ ಒಳಪಟ್ಟು ಇರುಮುಡಿಯ ಕಾಯನ್ನು ಕೈಯಲ್ಲಿಯೇ ಒಯ್ಯಲು ವಿಶೇಷ ಅನುಮತಿ ಕೊಟ್ಟರು. ಇಂಥ ಅನುಮತಿಗಳು ಕಾಲಬದ್ಧವಾದುವು. ಯಾತ್ರಿಕರು ಪ್ರತಿ ವರ್ಷವೂ ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು.

ಜ್ವರ ನೋಡುವ ಪಾದರಸದ ಹಳೆಯ ಕಡ್ಡಿಯನ್ನೂ ಕೈಚೀಲದಲ್ಲಿ ಇಡಬೇಡಿರಿ. ಪಾದರಸವು ಅಲ್ಯೂಮಿನಿಯಂ ಲೋಹವನ್ನು ಕೊರೆದು ಹಾಳುಮಾಡತಕ್ಕದ್ದು. ವಿಮಾನದ ಮೈಯಾದರೋ ಬಹುಮಟ್ಟಿಗೆ ಆ ಲೋಹದ್ದೇ. ಬ್ಯಾಟರಿಯ ಹೊಸ ಕಡ್ಡಿಯು ಈಗ ಎಲ್ಲ ಔಷಧಿಯಂಗಡಿಗಳಲ್ಲಿಯೂ ದೊರೆಯುತ್ತದೆ.

ಇನ್ನು ದ್ರವಗಳು. ದೇಶದೊಳಗಣ ಪ್ರಯಾಣದಲ್ಲಿ ಕುಡಿಯುವ ನೀರಿನ ಬಾಟಲಿಗೆ ಸಾಮಾನ್ಯವಾಗಿ ಆಕ್ಷೇಪವಿರುವುದಿಲ್ಲ. ಪರದೇಶಕ್ಕೆ ಹೋಗುವವರಿಗೆ ನಿಯಮ ಬಿಗಿಯಾಗಿದೆ: ಯಾವ ದ್ರವವಾದರೂ ೧೦೦ ಮಿಲಿಲೀಟರಿಗೆ ಮೀರದ ಪಾತ್ರೆಯಲ್ಲಿರಬೇಕು, ಅಂಥ ಪಾತ್ರೆಗಳೆಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲವೊಂದರಲ್ಲಿ ಅಡಕವಾಗಬೇಕು. ಇಲ್ಲಿ ಪಾತ್ರೆಯ ಅಳತೆಯೇ ಪ್ರಮಾಣವೆಂಬುದನ್ನು ಗಮನಿಸಿರಿ. ೨೦೦ ಮಿಲಿಲೀಟರಿನ ಸೀಸೆಯ ತಳದಲ್ಲಿ ನಾಲ್ಕು ಚಮಚ ಎಣ್ಣೆಯಿದ್ದರೂ ಅದನ್ನು ಬಿಡುವುದಿಲ್ಲ.

ದ್ರವವೆಂದರೆ ಯಾವುದು? ನೀರಿನಂತೆ ಹರಿಯುವುದು ಮಾತ್ರವೆಂದು ತಿಳಿದರೆ ಮೋಸಹೋದೆವು. ಹರಿಯುವುದು, ಸುರಿಯುವುದು, ಬಳಿಯಬಹುದಾದುದು, ಹಾಕಿದ ಪಾತ್ರೆಯ ಆಕಾರವನ್ನು ತಾಳುವುದು ಇದೆಲ್ಲವೂ ಅವರ ಪರಿಭಾಷೆಯಲ್ಲಿ ದ್ರವವೇ. ಮರಳುಮರಳಾಗಿ ಹೆಪ್ಪುಗಟ್ಟಿದ ತುಪ್ಪ, ಮೊಸರು, ಜೇನು, ಚಟ್ನಿ, ಬಾಣಂತಿಯ ಲೇಹ, ಉಪ್ಪಿನಕಾಯಿಯ ರಸ, ಹಲ್ಲುಜ್ಜುವ ಪೇಸ್ಟು ಇವೆಲ್ಲವೂ ಅದರಲ್ಲಿ ಸೇರಿದುವು. ಕಾಶಿಯಿಂದ ನೇರವಾಗಿ ಮಗನ ದೇಶಕ್ಕೆ ಹೋಗುವವರ ಗಂಗಾಜಲದ ತಾಮ್ರದ ಗಿಂಡಿಗೆ ಎರಡು ಬಗೆಯ ತೊಡಕು: ಒಳಗಿರುವುದು ದ್ರವ, ಹೊರಗಿರುವುದು ಒಳಗನ್ನು ಸರಿಯಾಗಿ ಕಾಣಗೊಡದ ಲೋಹ. ಇಂಥವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಕಟ್ಟಿ, ನಡುವೆ ಬಟ್ಟೆ ಒತ್ತಿ, ದೊಡ್ಡ ಪೆಟ್ಟಿಗೆಯಲ್ಲಿಡುವುದೇ ಸರಿ. ಪರದೇಶದ ಕೆಲವು ನಿಲ್ದಾಣಗಳಲ್ಲಿ ಹೊಸ ಯಂತ್ರಗಳು ಬಂದು ದ್ರವದ ನಿಯಮವು ಸಡಿಲವಾಗಿದೆ ಎಂಬುದು ನಿಜ. ಆದರೆ ನಡುವೆ ವಿಮಾನ ಬದಲಿಸುವವರು ಅಲ್ಲಿಯೂ ಮತ್ತೊಮ್ಮೆ ತಪಾಸಣೆಗೆ ಒಳಗಾಗಬಹುದು; ಮೊದಲ ನಿಲ್ದಾಣ ಬಿಟ್ಟುದನ್ನು ಎರಡನೆಯದು ಬಿಡಬೇಕೆಂಬ ಕಟ್ಟಳೆಯಿಲ್ಲ. ಇರುವುದರಲ್ಲಿ ಬಿಗಿಯಾದ ನಿಯಮಕ್ಕೆ ಹೊಂದಿಸಿ ಕಟ್ಟಿದವನು ಎಲ್ಲಿಯೂ ಕೆಡುವುದಿಲ್ಲ. ನೀರಿಗೆ ಮಾತ್ರ ಸುಲಭೋಪಾಯವಿದೆ: ಖಾಲಿ ಬಾಟಲಿಯನ್ನು ಒಯ್ದು, ತಪಾಸಣೆ ಮುಗಿದ ಮೇಲೆ ಒಳಗಿನ ನಲ್ಲಿಯಲ್ಲಿ ತುಂಬಿಕೊಳ್ಳಿರಿ.

ಎಳೆಯ ಮಗುವಿನ ಹಾಲು, ಮಗುವಿನ ಆಹಾರ, ಪ್ರಯಾಣಕಾಲದಲ್ಲಿ ಬೇಕಾಗುವ ದ್ರವೌಷಧ ಇವುಗಳಿಗೆ ೧೦೦ ಮಿಲಿಲೀಟರಿನ ಕಟ್ಟು ಇಲ್ಲ. ಆದರೆ ಅವುಗಳನ್ನು ಚೀಲದೊಳಗೆ ಹುದುಗಿಸಿಡದೆ ಹೊರತೆಗೆದು ತೋರಿಸಿ, ಇಂಥದೆಂದು ತಾವಾಗಿ ಹೇಳಬೇಕು.

ಅಮೆರಿಕಕ್ಕೆ ಹೋಗುವವರು ಪುಡಿಗಳ ವಿಷಯದಲ್ಲಿ ಮತ್ತೊಂದು ನಿಯಮವನ್ನು ತಿಳಿದಿರಬೇಕು. ೨೦೧೮ನೆಯ ಜೂನ್ ೩೦ರಿಂದ, ಆ ದೇಶಕ್ಕೆ ಹೊರಡುವ ವಿಮಾನಗಳಲ್ಲಿ ೩೫೦ ಮಿಲಿಲೀಟರಿನ ಅಳತೆಗೆ ಮೀರಿದ ಪುಡಿಯನ್ನು ಕೈಚೀಲದಲ್ಲಿ ಕಂಡರೆ ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ. ಪರೀಕ್ಷೆಯಲ್ಲಿ ಸಂದೇಹ ತೀರದಿದ್ದರೆ ಒಳಗೆ ಬಿಡುವುದಿಲ್ಲ. ಎರಡು ಲೋಟದಷ್ಟು ಸಾರಿನ ಪುಡಿಯೇ ಈ ಅಳತೆಯನ್ನು ಮುಟ್ಟಿಬಿಡುತ್ತದೆ. ಸಾರಿನ ಪುಡಿ, ಹುಳಿಯ ಪುಡಿ, ಚಟ್ನಿಪುಡಿ, ರಾಗಿ ಹುರಿಹಿಟ್ಟುಗಳೆಲ್ಲ ದೊಡ್ಡ ಪೆಟ್ಟಿಗೆಯ ಪ್ರಯಾಣಿಕರು.

ವಿಂಗಡಣೆ ಮುಗಿಯಿತು, ಈಗ ಕಟ್ಟುವ ಕ್ರಮ. ಎಲ್ಲಕ್ಕೂ ಕೆಳಗೆ ಬಟ್ಟೆಗಳು. ಅವುಗಳನ್ನು ತಪಾಸಣೆಯಲ್ಲಿ ತೆಗೆಯಬೇಕಾದುದಿಲ್ಲ. ಅವುಗಳ ಮೇಲೆ, ಒಂದಕ್ಕೊಂದು ಕವಿಯದಂತೆ, ತಿಂಡಿಯ ಪೊಟ್ಟಣ ಒಂದು ಕಡೆ, ಪುಸ್ತಕ ಒಂದು ಕಡೆ. ತಂತಿಗಳನ್ನೂ ಚಾರ್ಜರನ್ನೂ ಸುತ್ತಿ ಒಂದೇ ಪುಟ್ಟ ಸಂಚಿಯಲ್ಲಿ ಹಾಕಬೇಕು. ಚೆಲ್ಲಾಡಿದ ತಂತಿಯಷ್ಟು ಚಿತ್ರವನ್ನು ಕೆಡಿಸುವುದು ಇನ್ನೊಂದಿಲ್ಲ. ಲ್ಯಾಪ್‌ಟಾಪು, ಟ್ಯಾಬ್ಲೆಟ್ಟು, ಪವರ್ ಬ್ಯಾಂಕುಗಳು ಎಲ್ಲಕ್ಕೂ ಮೇಲೆ; ಏಕೆಂದರೆ ಹೆಚ್ಚಿನ ನಿಲ್ದಾಣಗಳಲ್ಲಿ ಅವುಗಳನ್ನು ತೆಗೆದು ಬೇರೆ ಟ್ರೇಯಲ್ಲಿ ಇಡಬೇಕಾಗುತ್ತದೆ. ಶ್ಲೋಕದ ಪದಚ್ಛೇದವೆಂದು ನಾವು ಮೊದಲು ಹೇಳಿದ್ದು ಇದೇ. ದ್ರವಗಳ ಪಾರದರ್ಶಕ ಚೀಲ ಮತ್ತು ಔಷಧಿಯ ಸಂಚಿ ಹೊರಗಡೆಯ ಜೇಬಿನಲ್ಲಿರಲಿ. ಸಾಲಿನಲ್ಲಿ ನಿಂತಾಗ ಯಾವುದನ್ನು ಮೊದಲು ತೆಗೆಯಬೇಕೋ ಅದನ್ನು ಮನೆಯಲ್ಲಿ ಕೊನೆಗೆ ಇಡುವುದು. ಇಷ್ಟನ್ನು ನೆನಪಿಟ್ಟರೆ ಮಿಕ್ಕುದೆಲ್ಲ ತಾನಾಗಿ ಒದಗುತ್ತದೆ.

ಚೀಲದ ಹಳೆಯ ಜೇಬುಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ಕೊಡವಿರಿ. ಕಳೆದ ವರ್ಷದ ಪ್ರವಾಸದಲ್ಲಿ ಮಾವಿನಹಣ್ಣು ಕೊಯ್ದ ಚಾಕು, ಯಾವುದೋ ಗುಡಿಯಲ್ಲಿ ಕೊಂಡ ಬೆಂಕಿಪೊಟ್ಟಣ ಅಲ್ಲಿಯೇ ಮಲಗಿರುವುದು ಅಪೂರ್ವವಲ್ಲ. ಮೈಮೇಲಿನ ಚಿಲ್ಲರೆ ನಾಣ್ಯ, ಬೀಗದ ಕೈ, ಗಡಿಯಾರ, ಫೋನುಗಳನ್ನು ಸಾಲಿನ ತುದಿ ಮುಟ್ಟುವ ಮೊದಲೇ ಚೀಲದೊಳಕ್ಕೆ ಸೇರಿಸಿಬಿಡುವುದು ಸುಖ. ಸಣ್ಣ ವಸ್ತುಗಳನ್ನು ಬಿಡಿಬಿಡಿಯಾಗಿ ಟ್ರೇಯಲ್ಲಿ ಇಟ್ಟರೆ ಮರೆತುಬರುವ ಸಂಭವ ಹೆಚ್ಚು.

ಸ್ತ್ರೀಯರು ಸಂಕೋಚಪಡಬೇಕಾದುದಿಲ್ಲ. ನಮ್ಮ ದೇಶದಲ್ಲಿ ಅವರನ್ನು ಪರದೆಯ ಮರೆಯಲ್ಲಿ ಸ್ತ್ರೀ ಅಧಿಕಾರಿಗಳೇ ಪರೀಕ್ಷಿಸುತ್ತಾರೆ. ಮಾಂಗಲ್ಯ, ಬಳೆಗಳಿಂದ ಯಂತ್ರ ಸದ್ದು ಮಾಡಿದರೆ ಕೈಯಲ್ಲಿ ಹಿಡಿದ ಸಣ್ಣ ಯಂತ್ರದಿಂದ ನೋಡುತ್ತಾರೆ, ಅಷ್ಟೆ. ಹೃದಯದಲ್ಲಿ ಪೇಸ್‌ಮೇಕರ್ ಇಟ್ಟಿರುವವರೂ, ಮಂಡಿಗೆ ಲೋಹದ ಕೀಲು ಹಾಕಿಸಿಕೊಂಡವರೂ ಬಾಗಿಲಿನಂಥ ಯಂತ್ರವನ್ನು ದಾಟುವ ಮೊದಲೇ ಅದನ್ನು ತಿಳಿಸಿ, ವೈದ್ಯರ ಕಾಗದವನ್ನು ತೋರಿಸಬೇಕು. ತಮಾಷೆಗೂ ‘ಬಾಂಬು’ ಎಂಬ ಮಾತನ್ನು ಅಲ್ಲಿ ಆಡಕೂಡದು. ಆ ಒಂದು ಹಾಸ್ಯದಿಂದ ವಿಮಾನ ತಪ್ಪಿಸಿಕೊಂಡು ಪೊಲೀಸ್ ಠಾಣೆಯನ್ನು ಕಂಡವರುಂಟು.

ಚೀಲವನ್ನು ಎಲ್ಲಿಯೂ ಬಿಟ್ಟು ಹೋಗಬೇಡಿರಿ. ಗುರುತಿಲ್ಲದವರ ಪೊಟ್ಟಣವನ್ನು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಒಯ್ಯಬೇಡಿರಿ. ೨೦೨೦ನೆಯ ಜನವರಿ ೨೦ರಂದು ನಮ್ಮ ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಟಿಕೇಟು ಕೊಡುವ ಸ್ಥಳದ ಬಳಿ ಯಾರೋ ಬಿಟ್ಟುಹೋದ ಚೀಲವೊಂದು ಭದ್ರತಾ ಸಿಬ್ಬಂದಿಯ ಕಣ್ಣಿಗೆ ಬಿದ್ದಿತು. ಅದರೊಳಗೆ ಸ್ಫೋಟಕವಿದ್ದಿತು, ಬಯಲಿಗೆ ಒಯ್ದು ಅದನ್ನು ನಿರಪಾಯಗೊಳಿಸಿದರು. ಒಡೆಯನಿಲ್ಲದ ಚೀಲವನ್ನು ಕಂಡು ಅಧಿಕಾರಿಗಳು ಬೆಚ್ಚುವುದು ಅತಿಶಯವೆಂದು ಇದನ್ನು ತಿಳಿದವರು ಹೇಳಲಾರರು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು. ಇದು ಪ್ರಯಾಣ ಮಾಡುವ ಹಿರಿಯರಿಗಿಂತ ಅವರನ್ನು ಕಳುಹಿಸಿಕೊಡುವ ಮಕ್ಕಳಿಗೆ ಸಲ್ಲತಕ್ಕದ್ದು. ಒಮ್ಮೆ ನಿಲ್ದಾಣವೊಂದರಲ್ಲಿ, ಎಪ್ಪತ್ತು ದಾಟಿದ ವೃದ್ಧೆಯೊಬ್ಬರು ಒಂಟಿಯಾಗಿ ಪ್ರಯಾಣಕ್ಕೆ ಬಂದಿದ್ದುದನ್ನು ನಾವು ಕಂಡೆವು. ಅವರ ಚೀಲವನ್ನು ಪಕ್ಕಕ್ಕೆ ಸರಿಸಿದ ಅಧಿಕಾರಿಣಿಯು ಕನ್ನಡದಲ್ಲಿಯೇ ವಿನಯದಿಂದ, “ಅಮ್ಮಾ, ಇದರೊಳಗೆ ಕತ್ತರಿ ಇದೆಯೆ?” ಎಂದು ಕೇಳಿದಳು. “ಇಲ್ಲಮ್ಮಾ, ಇರಲಾರದು. ನನ್ನ ಮಗ ಸೊಸೆ ಇಬ್ಬರೂ ಸೇರಿ ಕಟ್ಟಿಕೊಟ್ಟಿದ್ದಾರೆ,” ಎಂದರು ಅವರು. ಚೀಲ ಬಿಚ್ಚಿತು. ಎರಡು ಸೀರೆ, ಮಾತ್ರೆಯ ಡಬ್ಬಿ, ಹಳೆಯ ಪಂಚೆಯಲ್ಲಿ ಸುತ್ತಿದ ಯಜಮಾನರ ಭಾವಚಿತ್ರ ಇವೆಲ್ಲವೂ ಅಪರಿಚಿತರ ಮುಂದೆ ಮೇಜಿನ ಮೇಲೆ ಬಂದುವು. ತಳದಲ್ಲಿ ಹೊಲಿಗೆಯ ಪುಟ್ಟ ಸಂಚಿ, ಅದರೊಳಗೆ ಕತ್ತರಿ. ಅತ್ತೆಗೆ ದಾರಿಯಲ್ಲಿ ಬೇಕಾದೀತೆಂದು ಸೊಸೆಯು ಪ್ರೀತಿಯಿಂದ ಇಟ್ಟಿದ್ದುದು. ಆ ತಾಯಿಯ ಕೈ ನಡುಗಿತು. “ನಾನು ಸುಳ್ಳು ಹೇಳಲಿಲ್ಲಮ್ಮಾ,” ಎಂದು ಎರಡು ಬಾರಿ ಹೇಳಿದರು. “ಗೊತ್ತು ಅಜ್ಜೀ, ನಿಮ್ಮನ್ನು ಯಾರೂ ಹಾಗೆನ್ನಲಿಲ್ಲ,” ಎಂದು ಅಧಿಕಾರಿಣಿಯು ಸೀರೆಯನ್ನು ತಾನೇ ಮಡಿಸಿಕೊಟ್ಟಳು. ಕತ್ತರಿ ಅಲ್ಲಿಯೇ ಉಳಿಯಿತು. ಅದರ ಬೆಲೆ ಮೂವತ್ತೋ ನಲವತ್ತೋ ರೂಪಾಯಿ. ಆ ತಾಯಿಯ ಮುಖದಲ್ಲಿ ಆ ಗಳಿಗೆಯಲ್ಲಿ ಕಂಡುದಕ್ಕೆ ಬೆಲೆ ಕಟ್ಟುವುದು ನಮ್ಮಿಂದಾಗದು.

ಇದರಲ್ಲಿ ಅಧಿಕಾರಿಣಿಯ ತಪ್ಪಿಲ್ಲ, ವೃದ್ಧೆಯ ತಪ್ಪಿಲ್ಲ, ಸೊಸೆಯ ಪ್ರೀತಿಯಲ್ಲಿ ಕೊರತೆಯೂ ಇಲ್ಲ. ಚೀಲವನ್ನು ಕಟ್ಟಿದವರು ಒಬ್ಬರು, ಅದಕ್ಕೆ ಉತ್ತರ ಹೇಳಬೇಕಾದವರು ಇನ್ನೊಬ್ಬರು, ತೊಡಕೆಲ್ಲ ಇಲ್ಲಿದೆ. ಕವಿಯೊಬ್ಬ, ವ್ಯಾಖ್ಯಾನಕಾರನೊಬ್ಬ ಆಗುವುದು ಕಾವ್ಯಕ್ಕೆ ಭೂಷಣವಾಗಿರಬಹುದು, ಕೈಚೀಲಕ್ಕೆ ಸಲ್ಲದು. ಆದ್ದರಿಂದ ಮಕ್ಕಳಾದವರು ಹಿರಿಯರ ಚೀಲವನ್ನು ಅವರ ಕೈಯಿಂದಲೇ, ತಾವು ಪಕ್ಕದಲ್ಲಿ ಕುಳಿತು, ಕಟ್ಟಿಸಬೇಕು. ಕಟ್ಟಿದ ಮೇಲೆ ಒಮ್ಮೆ ಬಿಚ್ಚಿಸಬೇಕು. ಯಾವುದು ಎಲ್ಲಿದೆಯೆಂದು ಅವರ ಬಾಯಿಂದ ಹೇಳಿಸಿ, ಟ್ರೇಯಲ್ಲಿ ಇಡಬೇಕಾದುದನ್ನು ಮನೆಯ ಮೇಜಿನ ಮೇಲೆ ಇಡಿಸಿ, ಮತ್ತೆ ಒಳಗೆ ಹಾಕಿಸಬೇಕು. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಪಾಠವನ್ನು ಒಪ್ಪಿಸಿದ ಹುಡುಗನು ಪರೀಕ್ಷೆಗೆ ಹೆದರುವುದಿಲ್ಲವೆಂಬುದನ್ನು ಉಪಾಧ್ಯಾಯವೃತ್ತಿಯಲ್ಲಿ ಬಹುಕಾಲ ಕಂಡವರು ನಾವು.

ಸಾಮಾನು ಕಡಿಮೆಯಾದಷ್ಟೂ ಈ ಪಾಠ ಸುಲಭ. ತಾಯಿಯು ಮಗಳಿಗೆಂದು ಒಯ್ಯುವ ತುಪ್ಪವು ಪೆಟ್ಟಿಗೆಯಲ್ಲಿ ಹೋದರೂ ತುಪ್ಪವೇ. ಕೈಯಲ್ಲಿ ಹೋಗಬೇಕಾದುದು ಅವರ ಔಷಧಿ, ಅವರ ಕಾಗದಪತ್ರ ಮತ್ತು ಅವರ ನಿಶ್ಚಿಂತೆ. ಪ್ರಯಾಣ ಕೈಗೊಳ್ಳುವ ವಾಚಕರೆಲ್ಲರಿಗೂ ಮಾರ್ಗವು ಸುಗಮವಾಗಲೆಂದು ಹಾರೈಸುತ್ತೇವೆ.